ವಿದೇಶಿ ವಾಲಂಟಿಯರ್‌ಗಳ ಮೆಂಟರ್‌ಗಳಿಗೆ ಎರಡು ದಿನದಲ್ಲಿ ಏನು ಕಲಿಸಬೇಕು?

ಕೆರೆದಂಡೆ
ಎಲ್ಲರಿಗೂ ನಮಸ್ಕಾರ. ಧಾರವಾಡದ ಹತ್ತಿರ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಪಾಠ, ಒಂದು ಲೈಬ್ರರಿ, ಸ್ವಲ್ಪ ತೋಟದ ಕೆಲಸ. ಇಷ್ಟೇ ನಮ್ಮದು. ನಾಲ್ಕು ವರ್ಷದಿಂದ ಜರ್ಮನಿಯ ಯುವಜನರನ್ನು ಸ್ವಯಂಸೇವೆಗೆ ಹೊರದೇಶಕ್ಕೆ ಕಳಿಸುವ ವೆಲ್ಟ್‌ವೆರ್ಟ್ಸ್ ಯೋಜನೆಯಲ್ಲಿ ವರ್ಷಕ್ಕೆ ಇಬ್ಬರು ವಾಲಂಟಿಯರ್‌ಗಳು ಬರುತ್ತಾರೆ. ಹೆಚ್ಚಿನವರಿಗೆ 18 ಅಥವಾ 19 ವಯಸ್ಸು. ಆಗಷ್ಟೇ ಶಾಲೆ ಮುಗಿಸಿರುತ್ತಾರೆ. ಆಗಸ್ಟ್ ಕೊನೆಗೆ ಬಂದರೆ ಮುಂದಿನ ಜುಲೈವರೆಗೆ ಇರುತ್ತಾರೆ.

ಹೋದ ವರ್ಷ ಒಂದು ಎಡವಟ್ಟಾಯಿತು. ಒಬ್ಬ ಹುಡುಗಿ ಮೂರು ತಿಂಗಳು ನಗುನಗುತ್ತಾ ಇದ್ದಳು. ಒಂದು ದಿನ ಅವಳನ್ನು ಕಳಿಸಿದ ಸಂಸ್ಥೆಯಿಂದ ನಮಗೆ ಇಮೇಲ್ ಬಂತು. ಅವಳಿಗೆ ಸರಿಯಾದ ಕೆಲಸ ಇಲ್ಲವಂತೆ, ಮಾತಾಡಲು ಜನ ಇಲ್ಲವಂತೆ, ರಾತ್ರಿ ನಿದ್ದೆ ಬರುತ್ತಿಲ್ಲವಂತೆ, ಜಾಗ ಬದಲಿಸಿಕೊಡಬೇಕಂತೆ. ನಮಗೆ ಒಂದೂ ಗೊತ್ತಿರಲಿಲ್ಲ. ಅವಳ ಮೆಂಟರ್, ಅಂದರೆ ಅವಳ ಕಷ್ಟಸುಖ ವಿಚಾರಿಸಬೇಕಾದವರು, ಪ್ರತಿ ಭಾನುವಾರ ಮನೆಗೆ ಕರೆದು, ಚಹಾ ಕೊಟ್ಟು, "ಎಲ್ಲಾ ಆರಾಮ?" ಅಂತ ಕೇಳುತ್ತಿದ್ದರು. ಅವಳು "ಆರಾಮ" ಅನ್ನುತ್ತಿದ್ದಳು. ಅದೂ ಕನ್ನಡದಲ್ಲೇ!

ಈಗ ಸುತ್ತಲಿನ ಐದು ಸಂಸ್ಥೆಗಳು ಸೇರಿ 9 ಮೆಂಟರ್‌ಗಳಿಗೆ ಎರಡು ದಿನದ ತರಬೇತಿ ಮಾಡೋಣ ಅಂದಿವೆ. ಜವಾಬ್ದಾರಿ ನನ್ನ ತಲೆಗೆ ಬಂದಿದೆ. ನನ್ನ ಪಟ್ಟಿ ಹೀಗಿದೆ: ಮೊದಲ ದಿನ ಬೆಳಿಗ್ಗೆ ಜರ್ಮನ್ ಸಂಸ್ಕೃತಿಯ ಪರಿಚಯ, ಮಧ್ಯಾಹ್ನ ಮಾತುಕತೆಯ ಕೌಶಲ. ಎರಡನೇ ದಿನ ವೀಸಾ ಕಾಗದಪತ್ರ, ನಿಯಮಗಳು, ಪ್ರಶ್ನೋತ್ತರ. ಅನುಭವ ಇದ್ದವರು ದಯವಿಟ್ಟು ನೋಡಿ ಹೇಳಿ.

ಜೋಳದರೊಟ್ಟಿ
ಮೊದಲ ದಿನದ ಬೆಳಿಗ್ಗೆಯನ್ನು ಪೂರ್ತಿ ಕಿತ್ತುಹಾಕಿ. ಜರ್ಮನ್ನರು ಟೈಮಿಗೆ ಸರಿಯಾಗಿ ಬರುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ ಅಂತ ಸ್ಲೈಡ್ ಹಾಕುತ್ತೀರಿ. ನಿಮ್ಮ ಹುಡುಗಿ ಮೂರು ತಿಂಗಳು ಒಂದು ಮಾತೂ ಹೇಳಲಿಲ್ಲವಲ್ಲ! ಆ ಸ್ಲೈಡ್ ನೋಡಿದ ಮೆಂಟರ್ ಏನಂದುಕೊಳ್ಳುತ್ತಾರೆ? "ಏನಾದರೂ ಇದ್ದರೆ ಅವಳೇ ಹೇಳ್ತಾಳೆ ಬಿಡು" ಅಂದುಕೊಂಡು ಸುಮ್ಮನಾಗುತ್ತಾರೆ.

ಒಂದು ಪ್ರಶ್ನೆ. ಭಾನುವಾರ ಚಹಾ ಕೊಡುತ್ತಿದ್ದ ಆ ಮೆಂಟರ್ ಸಂಸ್ಥೆಯಲ್ಲಿ ಬೇರೆ ಏನು ಕೆಲಸ ಮಾಡುತ್ತಾರೆ?

ಕೆರೆದಂಡೆ
ನಮ್ಮ ಪ್ರಾಜೆಕ್ಟ್ ಕೋಆರ್ಡಿನೇಟರ್. ವಾಲಂಟಿಯರ್‌ಗಳ ಟೈಮ್‌ಟೇಬಲ್ ಹಾಕುವವರೂ ಅವರೇ, ರಜೆ ಕೊಡುವವರೂ ಅವರೇ.

ಜೋಳದರೊಟ್ಟಿ
ಅಲ್ಲೇ ಇದೆ ನೋಡಿ. "ನನಗೆ ಕೆಲಸ ಇಲ್ಲ" ಅಂತ ಕೆಲಸ ಹಂಚುವವರ ಮನೆಯಲ್ಲಿ, ಅವರದೇ ಚಹಾ ಕುಡಿಯುತ್ತಾ ಹೇಳಬೇಕಾ? ನೀವಾದರೆ ಹೇಳುತ್ತಿದ್ದಿರಾ?

ಯುರೋಪಿಯನ್ ಸಾಲಿಡಾರಿಟಿ ಕಾರ್ಪ್ಸ್ ಅಂತ ಯುರೋಪಿನ ದೊಡ್ಡ ಯುವಜನ ಯೋಜನೆ ಇದೆ. ಅಲ್ಲಿ ಕೆಲಸ ಹೇಳಿಕೊಡುವವರು ಬೇರೆ, ಮೆಂಟರ್ ಬೇರೆ. ಮೆಂಟರ್ ನೋಡಿಕೊಳ್ಳುವುದು ಊರಿನ ಜನರ ಪರಿಚಯ, ಮನಸ್ಸಿನ ಏರಿಳಿತ, ವರ್ಷದಲ್ಲಿ ಏನು ಕಲಿತೆ ಎನ್ನುವ ಲೆಕ್ಕ, ಇಂಥವನ್ನು. ನಮ್ಮ ಸಣ್ಣ ಸಂಸ್ಥೆಗಳಲ್ಲಿ ಇರುವುದೇ ನಾಲ್ಕು ಜನ, ಗೊತ್ತು. ಆದರೂ ಬೇರೆ ಸಂಸ್ಥೆಯವರನ್ನೋ, ಊರಿನ ಟೀಚರನ್ನೋ, ಅಂಗನವಾಡಿ ಕಾರ್ಯಕರ್ತೆಯನ್ನೋ ಮೆಂಟರ್ ಮಾಡಬಹುದು. ನಿಮ್ಮದು ಐದು ಸಂಸ್ಥೆ ಅಂದಿರಿ. ಅದಲುಬದಲು ಮಾಡಿಕೊಳ್ಳಿ. ಒಬ್ಬರ ಮೆಂಟರ್ ಇನ್ನೊಬ್ಬರ ವಾಲಂಟಿಯರ್‌ಗೆ. ತರಬೇತಿ ಆಮೇಲೆ. ಮೊದಲು ಇದಾಗಲಿ.

ಬಾನ್ ಕನ್ನಡಿಗ
ನಾನು ಜರ್ಮನಿಯ ಬಾನ್ ನಗರದಲ್ಲಿದ್ದೇನೆ. ಇಲ್ಲಿಗೆ ಬರುವ ಭಾರತದ ಹುಡುಗ ಹುಡುಗಿಯರಿಗೆ ಮೂರು ವರ್ಷದಿಂದ ಮೆಂಟರ್. ಹಾಗಾಗಿ ನಾನು ಇದೇ ಕನ್ನಡಿಯ ಹಿಂದಿನ ಬದಿ.

ಮೊದಲು ಒಂದು ಲೆಕ್ಕ. ವೆಲ್ಟ್‌ವೆರ್ಟ್ಸ್ ಶುರುವಾದದ್ದು 2008ರಲ್ಲಿ. ಹಣದ ದೊಡ್ಡ ಪಾಲು ಇಲ್ಲಿನ ಅಭಿವೃದ್ಧಿ ಸಹಕಾರ ಸಚಿವಾಲಯದ್ದು. 18ರಿಂದ 28 ವಯಸ್ಸಿನವರು ಹೋಗಬಹುದು. ಒಂದು ವರ್ಷಕ್ಕೆ ಹೋಗುವವರಿಗೆ ಕನಿಷ್ಠ 25 ದಿನ ಸೆಮಿನಾರ್ ಇರುತ್ತದೆ. ಹೊರಡುವ ಮುಂಚೆ ಸ್ವಲ್ಪ, ನಡುವೆ ಸ್ವಲ್ಪ, ವಾಪಸ್ ಬಂದ ಮೇಲೆ ಸ್ವಲ್ಪ. ಅಂದರೆ ಆ ಹುಡುಗಿಗೆ 25 ದಿನ. ನಿಮ್ಮ ಮೆಂಟರ್‌ಗೆ ಹೋದ ವರ್ಷ ಎಷ್ಟು ದಿನ ಸಿಕ್ಕಿತ್ತು?

ಕೆರೆದಂಡೆ
ಸೊನ್ನೆ. ಒಂದು ಪಿಡಿಎಫ್ ಕಳಿಸಿದ್ದರು. ಇಂಗ್ಲಿಷಿನಲ್ಲಿ, 40 ಪುಟ.

ಬಾನ್ ಕನ್ನಡಿಗ
ಅಂದುಕೊಂಡೆ. ಈಗ ನಮ್ಮ ಕಡೆಯ ಕಥೆ ಕೇಳಿ.

ಜರ್ಮನಿಯಲ್ಲಿ ಕಡ್ಡಾಯ ಸೈನಿಕ ಸೇವೆ 2011ರಲ್ಲಿ ನಿಂತಿತು. ಅದರ ಬದಲಿಗೆ ಹುಡುಗರು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಮಾಡುತ್ತಿದ್ದ ನಾಗರಿಕ ಸೇವೆಯೂ ನಿಂತಿತು. ಆ ಜಾಗಕ್ಕೆ ಅದೇ ವರ್ಷ ಫೆಡರಲ್ ಸ್ವಯಂಸೇವಾ ಯೋಜನೆ ಬಂತು. ಹೊರದೇಶದವರೂ ಇದರಲ್ಲಿ ಸೇರಬಹುದು. 2013ರಿಂದ ವೆಲ್ಟ್‌ವೆರ್ಟ್ಸ್ ಕೂಡ ತಿರುಗುಮುರುಗಾಗಿ, ಭಾರತದಂಥ ದೇಶಗಳಿಂದ ಇಲ್ಲಿಗೆ ಕರೆಸಿಕೊಳ್ಳುವ ದಾರಿ ತೆರೆಯಿತು.

ಹಾಗೆ ಬಂದವನು ತುಮಕೂರು ಕಡೆಯ ಒಬ್ಬ ಹುಡುಗ. ಒಂದು ವೃದ್ಧಾಶ್ರಮದಲ್ಲಿ ಕೆಲಸ. ಅವನ ಮೆಂಟರ್ ಒಳ್ಳೆಯ ಹೆಂಗಸು, ಜರ್ಮನ್ನರು. ಮೊದಲ ದಿನವೇ ಕೈಕುಲುಕಿ "ಏನು ಬೇಕಾದರೂ ನನ್ನನ್ನು ಕೇಳು" ಅಂದರಂತೆ. ಆಮೇಲೆ ಅವರು ತಾವಾಗಿ ಏನೂ ಕೇಳಲಿಲ್ಲ. ಮೂಗು ತೂರಿಸಬಾರದು ಅಂತ ಅವರು ಸುಮ್ಮನಿದ್ದರು. ನಮ್ಮ ಹುಡುಗ, ದೊಡ್ಡವರು ತಾವಾಗಿ ಬಂದು ವಿಚಾರಿಸುತ್ತಾರೆ ಅಂತ ಕಾಯುತ್ತಾ ಕೂತ. ಮೊದಲ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ ಅನ್ನುವುದು ಗೊತ್ತಿಲ್ಲದೆ ಬರೀ ಬ್ರೆಡ್ ತಿಂದ. ನವೆಂಬರಿನಲ್ಲಿ ನಾನು ಅವನ ರೂಮಿಗೆ ಹೋದಾಗ ಎರಡು ಜಾಕೆಟ್ ಹಾಕಿಕೊಂಡು ಮಲಗಿದ್ದ. ಗೋಡೆಯ ಹೀಟರಿನ ತಿರುಪು ನಕ್ಷತ್ರದ ಗುರುತಿನ ಮೇಲಿತ್ತು. ಅದು ಪೈಪ್ ಹೆಪ್ಪುಗಟ್ಟದಿರಲಿ ಅಂತ ಇಡುವ ಗುರುತು. ಮೂರಕ್ಕೆ ತಿರುಗಿಸಿದೆ. ಹತ್ತು ನಿಮಿಷದಲ್ಲಿ ರೂಮು ಬಿಸಿಯಾಯಿತು. ಅವನು ಅತ್ತುಬಿಟ್ಟ.

ಆ ಹೆಂಗಸಿಗೂ ಬೇಜಾರಾಯಿತು. "ಅವನು ಯಾಕೆ ಕೇಳಲಿಲ್ಲ?" ಅಂದರು. ಅವನು ನನ್ನ ಹತ್ತಿರ ಕೇಳಿದ್ದು, "ಅವರು ಯಾಕೆ ಕೇಳಲಿಲ್ಲ ಅಣ್ಣಾ?"

ಕೆರೆದಂಡೆ
ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ ಸರ್. ನಮ್ಮಲ್ಲಿ ಇದರ ಉಲ್ಟಾ. ನಾವು ಕೇಳುವುದು ಜಾಸ್ತಿ. ಊಟ ಆಯ್ತಾ, ನಿದ್ದೆ ಬಂತಾ, ಎಲ್ಲಿಗೆ ಹೊರಟೆ, ಯಾರ ಜೊತೆ. ಆದರೆ ಬೇಕಾದ ಪ್ರಶ್ನೆ ಕೇಳುವುದಿಲ್ಲ ಅನಿಸುತ್ತದೆ.

ಕಡಲತೀರದ ಅಮ್ಮ
ನಾನು ಮೆಂಟರ್ ಅಲ್ಲ. ಕುಂದಾಪುರದ ಕಡೆಯವಳು. ಒಂಬತ್ತು ವರ್ಷದಲ್ಲಿ 11 ಮಕ್ಕಳು ನಮ್ಮ ಮನೆಯಲ್ಲಿ ಇದ್ದು ಹೋಗಿದ್ದಾರೆ. ಜರ್ಮನಿ, ಫ್ರಾನ್ಸ್, ಒಬ್ಬಳು ಕೊರಿಯಾದವಳು. ನನ್ನ ಮಗಳು ಈ ಚರ್ಚೆ ತೋರಿಸಿದಳು, ಅವಳೇ ಟೈಪ್ ಮಾಡುತ್ತಿದ್ದಾಳೆ.

ಮೊದಲ ಹುಡುಗಿಯ ಕಥೆ ಹೇಳುತ್ತೇನೆ. ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ ಬಡಿಸಿದೆ. ತಟ್ಟೆ ಖಾಲಿ ಮಾಡಿದಳು. ಹಸಿವಿರಬೇಕು ಅಂತ ಇನ್ನೊಂದು ಸೌಟು ಹಾಕಿದೆ. ಅದನ್ನೂ ಖಾಲಿ ಮಾಡಿದಳು. ಮತ್ತೆ ಹಾಕಿದೆ. ಹೀಗೇ ಎರಡು ವಾರ. ಆಮೇಲೆ ಅವಳಿಗೆ ಹೊಟ್ಟೆ ಕೆಟ್ಟು ಡಾಕ್ಟರ ಹತ್ತಿರ ಹೋಗಬೇಕಾಯಿತು. ಅವಳ ಮನೆಯಲ್ಲಿ ತಟ್ಟೆಯಲ್ಲಿ ಅಗುಳು ಬಿಡಬಾರದು ಅಂತ ಕಲಿಸಿದ್ದಾರೆ. ಖಾಲಿ ತಟ್ಟೆ ಕಂಡರೆ ಸಾಕು, ನನ್ನ ಕೈ ತಾನಾಗಿ ಪಾತ್ರೆಗೆ ಹೋಗುತ್ತದೆ. ಇಬ್ಬರೂ ಮರ್ಯಾದೆಯಿಂದಲೇ ಇದ್ದೆವು! ಈಗ ಯಾವ ಮಗು ಬಂದರೂ ಮೊದಲ ದಿನ ಕಲಿಸುವುದು ಒಂದೇ. ಸಾಕಾದಾಗ ತಟ್ಟೆ ಮೇಲೆ ಕೈ ಅಡ್ಡ ಹಿಡಿ, "ಸಾಕು" ಅನ್ನು, ಮೂರು ಸಲ ಅನ್ನು, ಆಮೇಲೆ ನಾನು ಬಿಡುತ್ತೇನೆ.

ಬಾಗಿಲು ಹಾಕಿಕೊಳ್ಳುವುದು ಇನ್ನೊಂದು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಸಿಟ್ಟಾ? ಜ್ವರವಾ? ಹೋಗಿ ಬಡಿಯುತ್ತಿದ್ದೆ. ಅವರಿಗೆ ದಿನಕ್ಕೆ ಒಂದು ಗಂಟೆ ಒಬ್ಬರೇ ಇರಬೇಕು, ಅಷ್ಟೇ. ಅದು ತಿಳಿಯಲು ನನಗೆ ಮೂರು ಮಕ್ಕಳು ಬೇಕಾದರು.

ಮೆಂಟರ್ ಅನ್ನುವವರು ಬರುತ್ತಿದ್ದರು. ಜಗಲಿಯಲ್ಲಿ ಕೂತು ಒಂದು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿ ಹೋಗುತ್ತಿದ್ದರು. ನಾನು ಚಹಾ ಇಟ್ಟು ಒಳಗೆ ಹೋಗುತ್ತಿದ್ದೆ. ಒಂಬತ್ತು ವರ್ಷದಲ್ಲಿ ಒಬ್ಬರೂ "ಅಮ್ಮಾ, ನಿಮಗೆ ಹೇಗಿದೆ?" ಅಂತ ಕೇಳಲಿಲ್ಲ. ತರಬೇತಿಗೂ ಕರೆಯಲಿಲ್ಲ.

ಜೋಳದರೊಟ್ಟಿ
ಕೆರೆದಂಡೆಯವರೇ, ನಿಮ್ಮ ಮೊದಲ ದಿನದ ಬೆಳಿಗ್ಗೆ ಖಾಲಿ ಇದೆ ಅಲ್ವಾ? ಈ ಅಮ್ಮನನ್ನು ಕರೆಸಿ.

ಹಳದಿ ಸೈಕಲ್
ನಾನು ಎರಡು ವರ್ಷದ ಹಿಂದೆ ಮೆಂಟರ್ ಆಗಿದ್ದೆ. ಆಗ ನನಗೆ 24. ಇಲ್ಲಿ ಯಾರೂ ಹೇಳದ ಕೆಲವು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಮೆಂಟರ್ ಅಂತ ನನಗೆ ಗೊತ್ತಾದದ್ದು ವಾಲಂಟಿಯರ್ ಬರುವ ಎರಡು ದಿನ ಮುಂಚೆ. "ನೀನು ಚಿಕ್ಕವಳು, ಅವಳಿಗೂ ಸರಿಹೋಗುತ್ತೆ" ಅಂದರು. ಸಂಬಳ ಅಷ್ಟೇ, ಕೆಲಸ ಒಂದು ಹೆಚ್ಚು. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಕಾಲ್. ಅಮ್ಮ ಬೈಯುತ್ತಿದ್ದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಮೊದಲ ತಿಂಗಳು ತಪ್ಪಾಗುತ್ತದೆ ಅಂತಲೇ ಮಾತು ಕಡಿಮೆ ಮಾಡಿದ್ದೆ. ಆಮೇಲೆ ಒಂದು ದಿನ ಅವಳೇ "ನನ್ನ ಇಂಗ್ಲಿಷ್ ಕೂಡ ಶಾಲೆಯದು" ಅಂದಳು. ಅವಳಿಗೂ ಅದು ಎರಡನೇ ಭಾಷೆ ಅನ್ನುವುದು ನನ್ನ ತಲೆಗೇ ಹೊಳೆದಿರಲಿಲ್ಲ ನೋಡಿ.

ಒಂದು ಸಂಜೆ ಬಸ್ಸಿನಲ್ಲಿ ಒಬ್ಬ ಗಂಡಸು ಅವಳ ಜೊತೆ ಕೆಟ್ಟದಾಗಿ ನಡೆದುಕೊಂಡ. ಅವಳು ನನಗೆ ಹೇಳಿದಳು. ಹೇಳಿ, "ಯಾರಿಗೂ ಹೇಳಬೇಡ, ಗೊತ್ತಾದರೆ ನನ್ನನ್ನು ಒಬ್ಬಳೇ ಎಲ್ಲಿಗೂ ಕಳಿಸಲ್ಲ" ಅಂದಳು. ನಿಜವೂ ಹೌದು, ನಮ್ಮವರು ಹಾಗೇ ಮಾಡುತ್ತಿದ್ದರು. ನಾನು ಯಾರಿಗೂ ಹೇಳಲಿಲ್ಲ. ಇವತ್ತಿಗೂ ಸರಿ ಮಾಡಿದೆನಾ ತಪ್ಪು ಮಾಡಿದೆನಾ ಗೊತ್ತಿಲ್ಲ. ಅಂಥ ಗುಟ್ಟು ಬಂದಾಗ ಏನು ಮಾಡಬೇಕು ಅನ್ನುವುದನ್ನು ಕಲಿಸಿ. ಪವರ್‌ಪಾಯಿಂಟ್ ಆಮೇಲೆ.

ಕರಿಕೋಟು
ವಕೀಲಿ ಮಾಡುತ್ತೇನೆ. ಹಳದಿ ಸೈಕಲ್ ಅವರೇ, ನೀವು ತಪ್ಪು ಮಾಡಲಿಲ್ಲ. ಅವಳು ವಯಸ್ಕಳು. ದೂರು ಕೊಡಬೇಕಾ ಬೇಡವಾ ಅನ್ನುವ ತೀರ್ಮಾನ ಅವಳದ್ದು. ಆದರೆ ದಾರಿಗಳು ಯಾವುವು ಅಂತ ಅವಳ ಮುಂದಿಡುವುದು ಮೆಂಟರ್ ಕೆಲಸ. ಅದಕ್ಕೆ ಮೊದಲು ಮೆಂಟರ್‌ಗೆ ಗೊತ್ತಿರಬೇಕು.

ಸಾರ್ವಜನಿಕ ಬಸ್ಸಿನಲ್ಲಿ ಪರಿಚಯ ಇಲ್ಲದವನು ಕಿರುಕುಳ ಕೊಟ್ಟರೆ ಅದು ಪೊಲೀಸರ ವಿಷಯ. 112ಕ್ಕೆ ಕರೆ ಮಾಡಬಹುದು. ಅದೇ ಕಿರುಕುಳ ಸಂಸ್ಥೆಯ ಒಳಗೆ, ಕೆಲಸದ ಜಾಗದಲ್ಲಿ ಆದರೆ, ಅಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಬರುತ್ತದೆ. ತುಂಬಾ ಸಂಸ್ಥೆಗಳಿಗೆ ಗೊತ್ತಿಲ್ಲದ ಮಾತು ಇದು: ಆ ಕಾಯ್ದೆಯಲ್ಲಿ ಉದ್ಯೋಗಿ ಅಂದರೆ ಸಂಬಳ ಇಲ್ಲದೆ ಸ್ವಯಂಸೇವೆ ಮಾಡುವವರೂ ಸೇರುತ್ತಾರೆ. ಹತ್ತು ಅಥವಾ ಹೆಚ್ಚು ಜನ ಇದ್ದರೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ನಿಮ್ಮ ಜಿಲ್ಲೆಯ ಸಮಿತಿಯ ವಿಳಾಸವನ್ನು ತರಬೇತಿಗೆ ಮುಂಚೆ ಹುಡುಕಿ ಇಟ್ಟುಕೊಳ್ಳಿ. ಘಟನೆ ಆದ ರಾತ್ರಿ ಹುಡುಕಲು ಆಗುವುದಿಲ್ಲ.

ಮಕ್ಕಳ ವಿಷಯ ಬಂದರೆ ಲೆಕ್ಕ ಬೇರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ವಾಲಂಟಿಯರ್ ಮೆಂಟರ್‌ಗೆ ಹೇಳಿದರೆ ಅದು ಗುಟ್ಟಾಗಿ ಉಳಿಯುವಂತಿಲ್ಲ. 2012ರ ಪೋಕ್ಸೋ ಕಾಯ್ದೆಯಲ್ಲಿ ತಿಳಿದವರು ವರದಿ ಮಾಡಲೇಬೇಕು. ಅದಕ್ಕೇ ಮೊದಲ ಭೇಟಿಯಲ್ಲೇ ಮೆಂಟರ್ ಹೇಳಿಬಿಡಬೇಕು: "ನೀನು ಹೇಳಿದ್ದು ನನ್ನಲ್ಲೇ ಇರುತ್ತೆ. ಎರಡು ಮಾತ್ರ ಇರಲ್ಲ. ನಿನ್ನ ಜೀವಕ್ಕೆ ಅಪಾಯ, ಮಗುವಿಗೆ ಅಪಾಯ." ಮೊದಲೇ ಹೇಳಿದ್ದರೆ ಆಮೇಲೆ ಮೋಸ ಮಾಡಿದ ಹಾಗಾಗುವುದಿಲ್ಲ.

ಕಾಗದಪತ್ರಕ್ಕೆ ಅರ್ಧ ದಿನ ಬೇಡ, 20 ನಿಮಿಷ ಸಾಕು. ವಿದೇಶಿಯರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಆನ್‌ಲೈನ್ ಮಾಹಿತಿ ಕೊಡಬೇಕು, ನಾವೆಲ್ಲ ಸಿ ಫಾರ್ಮ್ ಅಂತ ಕರೆಯುವುದು ಅದನ್ನೇ. 180 ದಿನ ಮೀರಿದ ವೀಸಾದವರು ಬಂದ 14 ದಿನದೊಳಗೆ ನೋಂದಣಿ ಮಾಡಿಸಬೇಕು. ಹೀಗೆ ವರ್ಷಪೂರ್ತಿ ಇರುವ ವಾಲಂಟಿಯರ್‌ಗಳು ಟೂರಿಸ್ಟ್ ವೀಸಾದಲ್ಲಿ ಬರುವಂತಿಲ್ಲ. ಇವು ಸಂಸ್ಥೆಯ ಕೆಲಸ, ಮೆಂಟರ್‌ದಲ್ಲ. ಮೆಂಟರ್‌ಗೆ ತಾರೀಖು ಗೊತ್ತಿದ್ದರೆ ಸಾಕು.

ಹಳದಿ ಸೈಕಲ್
ಥ್ಯಾಂಕ್ಸ್ ಸರ್. ಆ ಎರಡು ವಾಕ್ಯ ಆಗಲೇ ನನಗೆ ಯಾರಾದರೂ ಕೊಟ್ಟಿದ್ದರೆ...

ಹಿಂದಿನ ಬೆಂಚು
ಕ್ಷಮಿಸಿ, ಒಂದು ಕಹಿ ಮಾತು. ಅಲ್ಲಿನ ಹದಿನೆಂಟರ ಹುಡುಗಿಗೆ ತಟ್ಟೆ, ಬಾಗಿಲು, ನಿದ್ದೆ ಅಂತ ಇಷ್ಟೆಲ್ಲ ಯೋಚನೆ. ನಮ್ಮ ಹುಡುಗಿ ಯಾದಗಿರಿಯಿಂದ ಬೆಂಗಳೂರಿನ ಪಿಜಿಗೆ ಬಂದರೆ ಅವಳಿಗೆ ಯಾವ ಮೆಂಟರ್? ಅದೂ ಇರಲಿ. ಬಿಎಡ್ ಮಾಡದ, ಕನ್ನಡ ಬಾರದ ಹದಿನೆಂಟರ ಹುಡುಗಿ ನಿಮ್ಮ ಮಕ್ಕಳಿಗೆ ಏನು ಪಾಠ ಮಾಡುತ್ತಾಳೆ? ಫೋಟೋ ತೆಗೆದುಕೊಂಡು ಹೋಗುತ್ತಾಳೆ. ಅವಳಿಗೆ ಕೆಲಸ ಇಲ್ಲ ಅನಿಸಿದ್ದು ಸಹಜ, ನಿಜವಾಗಿಯೂ ಕೆಲಸ ಇರಲಿಲ್ಲ!

ಕೆರೆದಂಡೆ
ಕಹಿಯಾದರೂ ಅರ್ಧ ನಿಜ. ಅವಳಿಗೆ ಇಂಗ್ಲಿಷ್ ಪಾಠ ಅಂತ ಬರೆದಿದ್ದೆವು. ಮಕ್ಕಳು ಅವಳ ಕೂದಲು ಮುಟ್ಟುತ್ತಾ ಕೂತಿರುತ್ತಿದ್ದರು. ನಮ್ಮ ಟೀಚರ್ ಹಿಂದೆ ಸರಿದು ನಿಲ್ಲುತ್ತಿದ್ದರು.

ನಿವೃತ್ತ ಮೇಷ್ಟ್ರು
ಹಿಂದಿನ ಬೆಂಚಿನವರು ಕೇಳಿದ್ದು ಹಳೇ ಪ್ರಶ್ನೆ. ಮೊದಲ ಮಹಾಯುದ್ಧದ ನಂತರ, 1920ರಲ್ಲಿ, ಸ್ವಿಟ್ಜರ್‌ಲೆಂಡಿನ ಪಿಯೆರ್ ಸೆರೆಸೋಲ್ ಎಂಬ ಎಂಜಿನಿಯರ್ ಫ್ರಾನ್ಸಿನ ವರ್ಡನ್ ಹತ್ತಿರ ನೆಲಸಮವಾಗಿದ್ದ ಹಳ್ಳಿಯೊಂದನ್ನು ಕಟ್ಟಲು ಹೋದರು. ಬೇರೆ ಬೇರೆ ದೇಶದ ತಂಡ. ಅದರಲ್ಲಿ ಜರ್ಮನ್ನರೂ ಇದ್ದರು, ಹಿಂದೆ ಅದೇ ಹಳ್ಳಿಯ ಶತ್ರುಗಳಾಗಿದ್ದವರು! ಆಮೇಲೆ 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪ ಆಯಿತಲ್ಲ, ಅಲ್ಲಿಗೂ ಅವರು ಬಂದು ಹಳ್ಳಿ ಕಟ್ಟುವ ಕೆಲಸ ಮಾಡಿದರು. ಅವರ ಕೈಯಲ್ಲಿ ಇದ್ದದ್ದು ಗುದ್ದಲಿ. ಯಾರಿಗೂ ಪಾಠ ಹೇಳಲು ಬಂದವರಲ್ಲ.

ಸ್ವಯಂಸೇವಕರನ್ನು ಹೊರದೇಶಗಳಿಗೆ ಕಳಿಸುವ ಅಮೆರಿಕದ ಪೀಸ್ ಕಾರ್ಪ್ಸ್ 1961ರಿಂದ 1976ರವರೆಗೆ ಭಾರತದಲ್ಲಿತ್ತು. ಆಮೇಲೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ 68ನೇ ವಯಸ್ಸಿನಲ್ಲಿ ಮುಂಬೈ ಹತ್ತಿರದ ವಿಕ್ರೋಲಿಗೆ ನರ್ಸ್ ಆಗಿ ಬಂದಿದ್ದು ಇದರಲ್ಲೇ. ನಾನು ಹುಡುಗನಾಗಿದ್ದಾಗ ನಮ್ಮೂರಿಗೂ ಒಬ್ಬ ಬಂದಿದ್ದ. ಕೋಳಿ ಸಾಕಣೆ ಹೇಳಿಕೊಡಲು. ಪೋಸ್ಟ್‌ಮಾಸ್ಟರ್ ಮನೆಯ ಹೊರಕೋಣೆಯಲ್ಲಿ ಬಿಡಾರ. ಈಗಿನ ಲೆಕ್ಕದಲ್ಲಿ ಅವನ ಮೆಂಟರ್ ಅಂದರೆ ಪೋಸ್ಟ್‌ಮಾಸ್ಟರರ ತಾಯಿ. ಅವರಿಗೆ ಎಬಿಸಿಡಿ ಬರುತ್ತಿರಲಿಲ್ಲ. ಬೆಳಿಗ್ಗೆ ಬಿಂದಿಗೆ ಕೊಟ್ಟು ಬಾವಿಗೆ ಕಳಿಸುತ್ತಿದ್ದರು. ಬಾವಿಕಟ್ಟೆಯಲ್ಲಿ ಅವನು ಅರ್ಧ ಊರಿನ ಹೆಸರು ಕಲಿತ. ಕೋಳಿ ವಿಷಯದಲ್ಲಿ ಅವನು ಹೇಳಿದ್ದು ಎಷ್ಟು ಜನ ಕೇಳಿದರೋ ದೇವರೇ ಬಲ್ಲ. ಬಿಂದಿಗೆ ಹೊರಲು ಮಾತ್ರ ಚೆನ್ನಾಗಿ ಕಲಿತ.

ಕೆರೆದಂಡೆಯವರೇ, ನಿಮ್ಮ ಹುಡುಗಿಗೆ ಪಾಠದ ಬದಲು ಬಿಂದಿಗೆ ಕೊಡಬೇಕಿತ್ತು.

ಬಾನ್ ಕನ್ನಡಿಗ
ಮೇಷ್ಟ್ರೇ, ನಮಸ್ಕಾರ. ಅದಕ್ಕೆ ಒಂದು ಮಾತು ಸೇರಿಸಲಾ? ಬರುವವರೆಲ್ಲ ಬಿಳಿ ಬಣ್ಣದವರು, ಹೊಂಬಣ್ಣದ ಕೂದಲಿನವರು ಅಂದುಕೊಳ್ಳಬೇಡಿ. 1960, 70ರ ದಶಕಗಳಲ್ಲಿ ಕೇರಳದಿಂದ ತುಂಬಾ ನರ್ಸ್‌ಗಳು ಜರ್ಮನಿಗೆ ಬಂದರು. ಅವರ ಮೊಮ್ಮಕ್ಕಳು ಈಗ ಇದೇ ವಯಸ್ಸಿನವರು. ಅಂಥ ಒಬ್ಬ ಹುಡುಗಿ ಕರ್ನಾಟಕದಲ್ಲಿ ಒಂದು ವರ್ಷ ಇದ್ದು ಬಂದು ನನ್ನ ಹತ್ತಿರ ಹೇಳಿದ್ದು: ಅವಳ ಜೊತೆಗಿದ್ದ ಬಿಳಿ ಹುಡುಗಿ ಚಪ್ಪಲಿ ಹಾಕಿಕೊಂಡು ಒಳಗೆ ಬಂದರೆ ಎಲ್ಲರೂ ನಗುತ್ತಿದ್ದರಂತೆ. ಇವಳು ಬಂದರೆ "ನಿನಗೆ ಗೊತ್ತಾಗಲ್ವಾ?" ಅಂತಿದ್ದರಂತೆ. ಸಮಾರಂಭದಲ್ಲಿ ವೇದಿಕೆಗೆ ಕರೆದದ್ದು ಆ ಇನ್ನೊಬ್ಬಳನ್ನೇ. "ನೀನು ನಿಜವಾಗಿ ಎಲ್ಲಿಯವಳು?" ಅಂತ ದಿನಾ ಪ್ರಶ್ನೆ. ಜರ್ಮನಿಯಲ್ಲೂ ಅದೇ ಪ್ರಶ್ನೆ ಕೇಳಿಸಿಕೊಂಡು ಬೆಳೆದವಳು. ಕರ್ನಾಟಕದಲ್ಲಾದರೂ ತಪ್ಪುತ್ತದೆ ಅಂದುಕೊಂಡು ಹೋಗಿದ್ದಳಂತೆ. ಅವಳ ಮೆಂಟರ್‌ಗೆ ಇದು ಕಣ್ಣಿಗೆ ಬೀಳಲೇ ಇಲ್ಲ.

ಹಿಂದಿನ ಬೆಂಚು
ಇದು ನನಗೂ ಹೊಳೆದಿರಲಿಲ್ಲ. ಸರಿ, ನನ್ನ ಸಿಟ್ಟು ಮೆಂಟರ್‌ಗಳ ಮೇಲಲ್ಲ. ವೇದಿಕೆಗೆ ಕರೆಯುವವರ ಮೇಲೆ.

ನರ್ಸ್ ಅಕ್ಕ
ಆರೋಗ್ಯದ ಬಗ್ಗೆ ಯಾರೂ ಬರೆಯಲಿಲ್ಲ. ಅರ್ಧ ಗಂಟೆ ಇದಕ್ಕೂ ಇಡಿ.

ಜರ್ಮನಿಯ ಮಕ್ಕಳ ಬ್ಯಾಗಿನಲ್ಲಿ ಐಬುಪ್ರೊಫೇನ್ ಮಾತ್ರೆ ಇದ್ದೇ ಇರುತ್ತದೆ. ತಲೆನೋವು, ಜ್ವರ, ಹೊಟ್ಟೆನೋವು, ಎಲ್ಲದಕ್ಕೂ ಅದೇ. ನಮ್ಮಲ್ಲಿ ಮಳೆಗಾಲದ ಜ್ವರ ಡೆಂಗಿ ಇರಬಹುದು. ಡೆಂಗಿಯಲ್ಲಿ ಐಬುಪ್ರೊಫೇನ್, ಆಸ್ಪಿರಿನ್ ತೆಗೆದುಕೊಂಡರೆ ರಕ್ತಸ್ರಾವದ ಅಪಾಯ ಜಾಸ್ತಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಆಮೇಲೆ ಡಾಕ್ಟರ್, ರಕ್ತ ಪರೀಕ್ಷೆ. ಈ ಒಂದು ಮಾತು ಪ್ರತಿ ಮೆಂಟರ್‌ಗೆ ಬಾಯಿಪಾಠ ಆಗಲಿ.

ನಾಯಿ ಕಚ್ಚಿದರೆ ಮೊದಲು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಬರುವ ಮುಂಚೆ ರೇಬೀಸ್ ಲಸಿಕೆ ಹಾಕಿಸಿಕೊಂಡಿದ್ದರೂ ಕಚ್ಚಿದ ಮೇಲೆ ಮತ್ತೆ ಎರಡು ಡೋಸ್ ಬೇಕು. "ನಾನು ಹಾಕಿಸಿಕೊಂಡಿದ್ದೇನೆ, ಏನೂ ಆಗಲ್ಲ" ಅನ್ನುತ್ತಾರೆ. ಬಿಡಬೇಡಿ. ಲಸಿಕೆ ಕಾರ್ಡಿನ ಫೋಟೋ ಮೆಂಟರ್ ಮೊಬೈಲಿನಲ್ಲಿ ಇರಲಿ.

ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್, 14416. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, 24 ಗಂಟೆ, ದುಡ್ಡಿಲ್ಲ, ಕನ್ನಡ, ಇಂಗ್ಲಿಷ್ ಎರಡೂ ಇದೆ. ವಾಲಂಟಿಯರ್‌ಗೆ ಮಾತ್ರ ಅಲ್ಲ. ಹನ್ನೊಂದು ಗಂಟೆಯ ಕಾಲ್ ಮುಗಿಸಿ ನಿದ್ದೆ ಬಾರದ ಮೆಂಟರ್‌ಗೂ ಅದೇ ನಂಬರ್.

ಜೋಳದರೊಟ್ಟಿ
ಈಗ ಕಲಿಸುವ ಬಗೆ. ನಾನು ಇಂಥ ನಾಲ್ಕು ತರಬೇತಿ ನಡೆಸಿದ್ದೇನೆ. ಎರಡು ಚೆನ್ನಾಗಿ ಕೆಟ್ಟವು.

ಕೆಟ್ಟದ್ದು ಯಾಕೆ ಅಂದರೆ ಬೆಂಗಳೂರಿನಿಂದ ಬಂದ ತರಬೇತುದಾರರು ಎಲ್ಲ ಇಂಗ್ಲಿಷಿನಲ್ಲೇ ನಡೆಸಿದರು. ಹೇಗೂ ವಾಲಂಟಿಯರ್ ಜೊತೆ ಇಂಗ್ಲಿಷೇ ಅಲ್ವಾ ಅಂತ. 12 ಜನರಲ್ಲಿ ಮೂವರು ಮಾತಾಡಿದರು, ಮಿಕ್ಕವರು ತಲೆ ಆಡಿಸಿದರು. ಮುಜುಗರ, ಭಯ, ಸಿಟ್ಟು, ಇವನ್ನು ಜನ ತಮ್ಮ ಭಾಷೆಯಲ್ಲಿ ಮಾತ್ರ ಹೊರಗೆ ಹಾಕುತ್ತಾರೆ. ತರಬೇತಿ ಕನ್ನಡದಲ್ಲಿ ಇರಲಿ. ವಾಲಂಟಿಯರ್ ಹತ್ತಿರ ಆಡುವ ಹತ್ತು ಹನ್ನೆರಡು ಇಂಗ್ಲಿಷ್ ವಾಕ್ಯ ಬೇರೆ ಕಲಿಸಿ.

ಚೆನ್ನಾಗಿ ಆದದ್ದು ಒಂದು ಆಟ. ಇಬ್ಬಿಬ್ಬರು ಕೂರಬೇಕು. ಒಬ್ಬರು ವಾಲಂಟಿಯರ್. ಅವರ ಕೈಗೆ ಒಂದು ಚೀಟಿ, ಅದರಲ್ಲಿ ಒಂದು ಕಷ್ಟ ಬರೆದಿರುತ್ತದೆ. ಇನ್ನೊಬ್ಬರು ಮೆಂಟರ್. ಒಂದೇ ನಿಯಮ: "ಹೇಗಿದ್ದೀಯಾ", "ಎಲ್ಲಾ ಸರಿನಾ", "ಪರವಾಗಿಲ್ವಾ" ಕೇಳುವಂತಿಲ್ಲ. ಹೌದು ಇಲ್ಲ ಅಂತ ಉತ್ತರಿಸುವ ಪ್ರಶ್ನೆಯೇ ಬೇಡ. "ನಿನ್ನೆ ಆರು ಗಂಟೆ ಮೇಲೆ ಮಲಗುವವರೆಗೆ ಏನು ಮಾಡಿದೆ?" ಅಂತ ಕೇಳಬೇಕು. "ಈ ವಾರ ನೀನು ಯಾರ ಜೊತೆ ನಕ್ಕೆ?" ಅಂತ ಕೇಳಬೇಕು. ಸಂಜೆ ಆರರ ಮೇಲೆ ಫೋನ್ ನೋಡಿದೆ, ಮಲಗಿದೆ ಅಂತ ಮೂರು ವಾರ ಅದೇ ಉತ್ತರ ಬಂದರೆ ಇಮೇಲ್‌ಗೆ ಮುಂಚೆ ನಿಮಗೇ ಗೊತ್ತಾಗುತ್ತದೆ.

ಇನ್ನೊಂದು. ಎದುರುಬದುರು ಕೂರಬೇಡಿ. ನಡೆಯುತ್ತಾ ಮಾತಾಡಿ. ಸಂತೆಗೆ, ಕೆರೆಗೆ, ಎಲ್ಲಿಗಾದರೂ. ಮುಖ ನೋಡಬೇಕಾಗಿಲ್ಲ ಅಂದರೆ ಮಾತು ಬರುತ್ತದೆ.

ಸ್ಲೈಡಿನಲ್ಲಿ ಯು ಆಕಾರದ ಗೆರೆ ಹಾಕುವ ಚಟ ಎಲ್ಲ ತರಬೇತುದಾರರಿಗೂ ಇದೆ. ಮೊದಲು ಖುಷಿ, ಆಮೇಲೆ ಕುಸಿತ, ಆಮೇಲೆ ಚೇತರಿಕೆ. ಅದು ಲಿಸ್‌ಗಾರ್ಡ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞರು 1955ರಲ್ಲಿ ಅಮೆರಿಕಕ್ಕೆ ಹೋಗಿಬಂದ ನಾರ್ವೆಯವರನ್ನು ಕೇಳಿ ಹೇಳಿದ್ದು. ನಾನು ನೋಡಿದ ಕೆಲವರು ಮೊದಲ ವಾರವೇ ಕುಸಿದಿದ್ದರು, ಕೆಲವರು ಕುಸಿಯಲೇ ಇಲ್ಲ. ಗೆರೆಯ ಬದಲು ಕ್ಯಾಲೆಂಡರ್ ಕೊಡಿ. ಡಿಸೆಂಬರ್ 24ಕ್ಕೆ ಕೆಂಪು ಗುರುತು ಹಾಕಿ. ಜರ್ಮನ್ನರಿಗೆ ಕ್ರಿಸ್‌ಮಸ್ ಅಂದರೆ 24ರ ಸಂಜೆ, 25 ಅಲ್ಲ. ಆ ಸಂಜೆ ಅವರು ಎಲ್ಲಿರುತ್ತಾರೆ ಅಂತ ಮೆಂಟರ್ ನವೆಂಬರಿನಲ್ಲೇ ಕೇಳಿರಬೇಕು.

ಕಡಲತೀರದ ಅಮ್ಮ
ಹೌದು, 24. ಒಬ್ಬ ಹುಡುಗ ಆ ಸಂಜೆ ತೆಂಗಿನ ಸೋಗೆಗೆ ಬಣ್ಣದ ಕಾಗದ ಕಟ್ಟಿ ಮರ ಮಾಡಿದ್ದ. ಕಡಲೆಹಿಟ್ಟಿನ ಲಾಡು ಮಾಡಿಕೊಟ್ಟೆ. ಅವನ ಅಮ್ಮನ ಜೊತೆ ವಿಡಿಯೋದಲ್ಲಿ ಮಾತಾಡಿದೆ. ಇಬ್ಬರಿಗೂ ಭಾಷೆ ಬಾರದು. ಅವರೂ ಕಣ್ಣೊರೆಸಿಕೊಂಡರು, ನಾನೂ.

ಕೆರೆದಂಡೆ
ಇಷ್ಟು ಬರೆದ ಎಲ್ಲರಿಗೂ ಕೈ ಮುಗಿದೆ. ಪಟ್ಟಿ ಹರಿದು ಹೊಸದು ಮಾಡುತ್ತಿದ್ದೇನೆ. ಹಳದಿ ಸೈಕಲ್ ಅವರೇ, ನೀವು ಬರುತ್ತೀರಾ? ಬಸ್ ಚಾರ್ಜ್ ಮತ್ತು ಎರಡು ದಿನದ ಗೌರವಧನ ಕೊಡುತ್ತೇವೆ. ಸಂಸ್ಥೆಗಳ ಮುಂದೆ ಎರಡು ಷರತ್ತೂ ಇಟ್ಟಿದ್ದೇನೆ. ಮೆಂಟರ್‌ಗೆ ತಿಂಗಳಿಗೆ ಎಂಟು ಗಂಟೆ ಕೆಲಸದ ಸಮಯದಲ್ಲೇ ಬಿಡುವು, ಒಬ್ಬ ಮೆಂಟರ್‌ಗೆ ಇಬ್ಬರಿಗಿಂತ ಹೆಚ್ಚು ವಾಲಂಟಿಯರ್ ಇಲ್ಲ. ಒಂದು ಸಂಸ್ಥೆ ಆಗಲೇ ಗೊಣಗಿದೆ.

ಹಳದಿ ಸೈಕಲ್
ಬರುತ್ತೇನೆ ಅಕ್ಕಾ. ಆದರೆ ಸ್ಟೇಜಿನ ಮೇಲೆ ನಿಲ್ಲಲ್ಲ. ಗುಂಪಿನಲ್ಲಿ ಕೂರುತ್ತೇನೆ.

ಕೆರೆದಂಡೆ (ಐದು ವಾರದ ನಂತರ)
ತರಬೇತಿ ಮುಗಿಯಿತು. ಹೇಗಾಯಿತು ಅಂತ ಕೆಲವರು ಮೆಸೇಜ್ ಮಾಡಿದ್ದೀರಿ.

9 ಮೆಂಟರ್‌ಗಳಲ್ಲಿ ಎಂಟು ಜನ ಬಂದರು. ಜೊತೆಗೆ ಆರು ಮನೆಗಳಿಂದ ವಾಲಂಟಿಯರ್ ಇಟ್ಟುಕೊಳ್ಳುವ ಅಮ್ಮಂದಿರು, ಒಬ್ಬ ಅಜ್ಜ. ಕಡಲತೀರದ ಅಮ್ಮ ಅಷ್ಟು ದೂರದಿಂದ ಬರಲು ಆಗಲಿಲ್ಲ, ವಿಡಿಯೋದಲ್ಲಿ ಮಾತಾಡಿದರು. ತಟ್ಟೆಯ ಕಥೆ ಕೇಳಿ ನಮ್ಮ ಅಜ್ಜ "ಅಂದ್ರ ಆ ಹುಡುಗಗ ಹಸಿವಿದ್ದಿಲ್ಲೇನು?" ಅಂತ ಎದ್ದೇ ನಿಂತರು. ನಾಲ್ಕು ವರ್ಷದ ಹಿಂದಿನ ಹುಡುಗನ ನೆನಪು ಅವರಿಗೆ.

ಚೀಟಿ ಆಟದಲ್ಲಿ "ಎಲ್ಲಾ ಆರಾಮ?" ಅನ್ನದೆ ಮಾತು ಶುರು ಮಾಡಲು ಆಗದೆ ಇಬ್ಬರು ಎರಡು ನಿಮಿಷ ಬಾಯಿ ತೆರೆದು ಕೂತಿದ್ದರು. ಅವರಲ್ಲಿ ನಾನೂ ಒಬ್ಬಳು. ಅದಲುಬದಲು ಮಾಡುವ ವಿಚಾರಕ್ಕೆ ಮೂರು ಸಂಸ್ಥೆ ಒಪ್ಪಿವೆ. ಎರಡು ಒಪ್ಪಿಲ್ಲ. "ನಮ್ಮ ಮನೆ ವಿಷಯ ಬೇರೆಯವರಿಗೆ ಯಾಕೆ" ಅಂದರು. ಹೋದ ವರ್ಷದ ನಮ್ಮ ಕೋಆರ್ಡಿನೇಟರ್ ಮೆಂಟರ್ ಕೆಲಸ ಬಿಟ್ಟುಕೊಟ್ಟರು. ಸ್ವಲ್ಪ ನೋವಾಗಿದೆ ಅವರಿಗೆ. ಅವರ ಚಹಾದಲ್ಲಿ ತಪ್ಪೇನೂ ಇರಲಿಲ್ಲ ಅಂತ ಮತ್ತೆ ಮತ್ತೆ ಹೇಳಬೇಕಾಯಿತು.

ಕೆಟ್ಟದ್ದೂ ಹೇಳುತ್ತೇನೆ. ಮಕ್ಕಳ ಸುರಕ್ಷತೆಯ ಭಾಗವನ್ನು ಎರಡನೇ ದಿನ ಊಟದ ನಂತರ ಇಟ್ಟೆ. ಅರ್ಧ ಜನಕ್ಕೆ ತೂಕಡಿಕೆ. ಅದನ್ನು ಬೆಳಿಗ್ಗೆಯೇ ಇಡಬೇಕಿತ್ತು.

ಕೊನೆಗೆ ಒಬ್ಬ ಮೆಂಟರ್ ಕೈ ಎತ್ತಿ, "ಮೇಡಂ, ನನಗೆ ಆ ವಾಲಂಟಿಯರ್ ಇಷ್ಟವೇ ಆಗಲಿಲ್ಲ ಅಂದರೆ?" ಅಂತ ಕೇಳಿದಳು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹಳದಿ ಸೈಕಲ್ ಮಾತ್ರ ನಕ್ಕು "ನನಗೂ ಮೊದಲು ಇಷ್ಟ ಆಗಿರಲಿಲ್ಲ" ಅಂದಳು. ಆಮೇಲೆ ಅವರಿಬ್ಬರೂ ಹೊರಗೆ ಹುಣಸೆಮರದ ಕೆಳಗೆ ತುಂಬಾ ಹೊತ್ತು ಮಾತಾಡುತ್ತಾ ನಿಂತಿದ್ದರು.

ಜೋಳದರೊಟ್ಟಿ
ಏನು ಮಾತಾಡಿದರಂತೆ?

ಕೆರೆದಂಡೆ
ಕೇಳಲಿಲ್ಲ ರೀ. ಇಬ್ಬರೂ ನಂಬರ್ ಬದಲಾಯಿಸಿಕೊಂಡದ್ದು ಮಾತ್ರ ನೋಡಿದೆ. ಹೊಸ ವಾಲಂಟಿಯರ್‌ಗಳು ಬರುವ ತಿಂಗಳು 27ಕ್ಕೆ ಇಳಿಯುತ್ತಾರೆ.